ಮಜ್ಜಿಗೆ ಹುಲ್ಲಿನ ಬುಡ ಎಲ್ಲಿಂದ ಬಂತು? – ಓದುಗರ ಪ್ರಶ್ನೆ, ನನ್ನ ಉತ್ತರ

ಹಂದಿ, ಮಂಗ, ನವಿಲು ಮುಟ್ಟದ ಬೆಳೆ ಯಾವುದಾದರೂ ಉಂಟಾ ಎಂದು ಕೇಳಿದ್ದ ಒಬ್ಬರಿಗೆ ಹೋದ ಸಲ ಒಂದೇ ಸಾಲಲ್ಲಿ ಉತ್ತರ ಕೊಟ್ಟಿದ್ದೆ: ಗುಡ್ಡೆಯಲ್ಲಿ ಮಜ್ಜಿಗೆ ಹುಲ್ಲು ಹಾಕಿ ನೋಡಿ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತದೆ ಎಂದು ಗೊತ್ತಿರಲಿಲ್ಲ ಮಾರಾಯ್ರೆ. ಅಡಿಕೆಯ ಪ್ರಶ್ನೆಗಳೆಲ್ಲ ಮುಂದಿನ ಸಲಕ್ಕಿರಲಿ. ಇವತ್ತು ಬರೀ ಹುಲ್ಲು, ಅಂದರೆ ಭಟ್ಟಿಯಲ್ಲಿ ಬೇಯಿಸಿ ಸುಗಂಧದ ಎಣ್ಣೆ ಇಳಿಸುವ ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ಮತ್ತು ಅದರ ದಾಯಾದಿಗಳು.

ಪ್ರಶ್ನೆ (ಹೆಬ್ರಿಯಿಂದ): ನಮ್ಮ ಪಕ್ಕದವರ ಗುಡ್ಡೆಯಲ್ಲಿ ಮಜ್ಜಿಗೆ ಹುಲ್ಲು ಹೂ ಬಿಟ್ಟು ಬೀಜ ಉದುರಿ ಸಸಿಗಳು ತಾವಾಗಿಯೇ ಎದ್ದಿವೆ. ಪುಕ್ಕಟೆ ತೆಗೆದುಕೊಂಡು ಹೋಗಿ ಅಂತಾರೆ. ಇನ್ನೊಬ್ಬರು ಒಳ್ಳೆಯ ತಳಿಯ ಬುಡ ಅಂತ ಹೇಳಿ ಒಂದೊಂದಕ್ಕೂ ದುಡ್ಡು ಕೇಳ್ತಾರೆ. ಹುಲ್ಲು ಹುಲ್ಲೇ ಅಲ್ವಾ? ದುಡ್ಡು ಕೊಡಬೇಕಾ?

ಉತ್ತರ: ನಿಮ್ಮ ಕಡೆ ಗೇರು ಹಾಕುವವರನ್ನು ಕೇಳಿ. ಬೀಜ ಹಾಕಿ ಎಬ್ಬಿಸಿದ ಗೇರು ಮರ ಒಂದು ಕೈತುಂಬಾ ಕೊಟ್ಟರೆ ಅದರ ಪಕ್ಕದ್ದು ಬರೀ ಸೊಪ್ಪು. ತಾಯಿಮರ ಎಷ್ಟೇ ಒಳ್ಳೆಯದಿರಲಿ, ಬೀಜದ ಗಿಡ ತಾಯಿಯ ಹಾಗೇ ಬರುತ್ತದೆ ಎಂಬ ಭರವಸೆ ಇಲ್ಲ. ಅದಕ್ಕೇ ಅಲ್ವಾ ಈಗ ಎಲ್ಲರೂ ಉಳ್ಳಾಲದ್ದೋ ಪುತ್ತೂರಿನದ್ದೋ ಕಸಿ ಗಿಡ ಕೇಳುವುದು?

ಮಜ್ಜಿಗೆ ಹುಲ್ಲಿನದ್ದೂ ಅದೇ ಕತೆ. ಎಣ್ಣೆಗೆ ಬೆಳೆಸುವ ಜಾತಿಗೆ ಗಾಳಿಯಲ್ಲಿ ಪರಾಗ ಬರುತ್ತದೆ, ಅಕ್ಕಪಕ್ಕದ ಯಾವ ಮಜ್ಜಿಗೆ ಹುಲ್ಲಿನದ್ದೂ ಬರಬಹುದು. ಹಾಗಾಗಿ ಬುಡ ಒಡೆದು ನೆಟ್ಟ ಮರಿ ತಾಯಿಯ ಹಾಗೇ ಬಂದರೂ, ಬೀಜದಿಂದ ಎದ್ದ ನೂರು ಸಸಿ ಅಂದರೆ ನೂರು ಬಗೆ. ನೋಡಲಿಕ್ಕೆ ಒಂದೇ, ಎಲೆ ತಿಕ್ಕಿದರೆ ಎಲ್ಲದರಲ್ಲೂ ನಿಂಬೆ ವಾಸನೆ. ಆದರೆ ಒಂದರಲ್ಲಿ ಎಣ್ಣೆ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಒಂದರ ಎಣ್ಣೆಯಲ್ಲಿ ಸಿಟ್ರಾಲ್ ಭರ್ತಿ, ಇನ್ನೊಂದರಲ್ಲಿ ಬೇಡದ್ದೇ ಹೆಚ್ಚು.

ಸಿಟ್ರಾಲ್ ಅಂದರೆ ಆ ನಿಂಬೆ ವಾಸನೆಯ ಮೂಲ. ಎಣ್ಣೆ ಕೊಳ್ಳುವವರು ದುಡ್ಡು ಕೊಡುವುದು ಅದಕ್ಕೆ. ಅದರಿಂದ ಅಯೊನೋನ್ ಎಂಬ ಸುಗಂಧದ ವಸ್ತು ಮಾಡುತ್ತಾರೆ, ಅಲ್ಲಿಂದ ಮುಂದಕ್ಕೆ ವಿಟಮಿನ್ ಎ ಕೂಡ. ಒಳ್ಳೆಯ ತಳಿಯ ಎಣ್ಣೆಯಲ್ಲಿ ಇದು ಶೇ. 75ರಿಂದ 85ರವರೆಗೆ ಇರುತ್ತದೆ. ಕೇರಳದ ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ 1951ರಲ್ಲೇ ಬರೀ ಈ ಹುಲ್ಲಿಗಾಗಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿಂದ ಬಂದದ್ದು ಸುಗಂಧಿ, ಓಡಿ-19 ಅಂತಲೂ ಹೇಳುತ್ತಾರೆ. ಬುಡ ಕೆಂಪು. ನಮ್ಮ ಹಾಗೆಯೇ ಮುರಕಲ್ಲು ಗುಡ್ಡೆ, ನಮ್ಮ ಹಾಗೆಯೇ ಜಡಿಮಳೆ ಇರುವ ಊರಿನ ತಳಿ, ಅದಕ್ಕೆ ನನಗೆ ಅದರ ಮೇಲೆ ಸ್ವಲ್ಪ ಪಕ್ಷಪಾತ. ಲಖನೌದ ಸಿಮ್ಯಾಪ್ (ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆ) ಸಂಸ್ಥೆಯಿಂದ ಕೃಷ್ಣ, ಪ್ರಗತಿ, ಪ್ರಮಾಣ್, ಕಾವೇರಿ, ಹೀಗೆ ಬೇರೆ ತಳಿಗಳೂ ಉಂಟು.

ಈಗ ದುಡ್ಡಿನ ಲೆಕ್ಕ. ಎಕರೆಗೆ ವರ್ಷಕ್ಕೆ 10 ಟನ್ ಹಸಿ ಹುಲ್ಲು ಸಿಕ್ಕಿತು ಅಂತಿಟ್ಟುಕೊಳ್ಳಿ. 100 ಕೆ.ಜಿ.ಗೆ 300 ಗ್ರಾಂ ಎಣ್ಣೆ ಇಳಿದರೆ 30 ಕೆ.ಜಿ. ಆಯಿತು, 400 ಗ್ರಾಂ ಇಳಿದರೆ 40. ಹುಲ್ಲು ಕೊಯ್ಯುವ ಕೂಲಿ ಅಷ್ಟೇ, ಭಟ್ಟಿಗೆ ಹಾಕುವ ಸೌದೆ ಅಷ್ಟೇ. ಆ 10 ಕೆ.ಜಿ. ಬರುವುದು ಬುಡದಿಂದ. ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಅದೇ ಬುಡ, ತಪ್ಪು ಬುಡ ನೆಟ್ಟರೆ ನಾಲ್ಕೈದು ವರ್ಷ ಅದೇ ತಪ್ಪು.

ಇದು ಬಾಯಿಮಾತಲ್ಲ, ನಾನೇ ಪೆಟ್ಟು ತಿಂದವನು. ಕೆಲವು ವರ್ಷದ ಹಿಂದೆ ಒಂದು ನರ್ಸರಿಯಿಂದ (ಹೆಸರು ಬೇಡ) ಸುಗಂಧಿ ಅಂತ ಬುಡ ತಂದು ನೆಟ್ಟೆ. ಮಣ್ಣು ಮೆತ್ತಿಕೊಂಡಿದ್ದ ಬುಡ, ಕೆಂಪೋ ಬಿಳಿಯೋ ಅಂತ ನೋಡುವ ತಾಳ್ಮೆ ನನಗೂ ಇರಲಿಲ್ಲ. ಮೊದಲ ಎಣ್ಣೆ ಇಳಿಸಿ ವ್ಯಾಪಾರಿಯ ಹತ್ತಿರ ಹೋದಾಗ ಅವರು ಒಂದು ಸಣ್ಣ ಗಾಜಿನ ಕೊಳವೆ ತೆಗೆದು, ಒಂದು ಪಾಲು ಎಣ್ಣೆಗೆ ಮೂರು ಪಾಲು ಶೇ. 70ರ ಆಲ್ಕೋಹಾಲ್ ಹಾಕಿ ಕುಲುಕಿದರು. ಒಳ್ಳೆಯ ಎಣ್ಣೆಯಾದರೆ ತಿಳಿಯಾಗಿ ಕರಗಬೇಕು. ನನ್ನದು ಬೆಳ್ಳಗಾಯಿತು. ಮಜ್ಜಿಗೆ ಹುಲ್ಲಿನ ಎಣ್ಣೆ ನಿಜಕ್ಕೂ ಮಜ್ಜಿಗೆಯೇ ಆಯಿತು. ಗದ್ದೆಗೆ ಬಂದು ಒಂದೊಂದೇ ಬುಡ ತೊಳೆದು ನೋಡಿದರೆ ಕೆಂಪಿನ ಜೊತೆ ಬಿಳಿ ಬುಡದ್ದೂ ಧಾರಾಳ. ಬಿಳಿ ಬುಡದ ಬಗೆಯ ಎಣ್ಣೆಯಲ್ಲಿ ಸಿಟ್ರಾಲ್ ಕಡಿಮೆ, ಆಲ್ಕೋಹಾಲಿನಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಇದು ಎಷ್ಟೋ ಹಿಂದೆಯೇ ಗೊತ್ತಿದ್ದ ವಿಷಯ, ನನಗೆ ಗೊತ್ತಾಗಲಿಕ್ಕೆ ಅಷ್ಟು ಹುಲ್ಲು ಬೇಯಬೇಕಾಯಿತು.

ಹಾಗಾಗಿ ದುಡ್ಡು ಕೊಡಿ, ಆದರೆ ಸುಮ್ನೆ ಕೊಡಬೇಡಿ. ಬುಡ ತೊಳೆದು ನೋಡಿ. ಅವರದೇ ಗದ್ದೆಯ ಎಣ್ಣೆಯ ಲ್ಯಾಬ್ ರಿಪೋರ್ಟ್ ಕೇಳಿ. ರಿಪೋರ್ಟ್ ಇಲ್ಲ ಅಂದರೆ ಪಕ್ಕದವರ ಪುಕ್ಕಟೆ ಸಸಿಗೂ ಅದಕ್ಕೂ ನಿಮಗೆ ಗೊತ್ತಾಗುವ ವ್ಯತ್ಯಾಸ ಏನೂ ಇಲ್ಲ. ಮೊದಲ ವರ್ಷ ಹತ್ತು ಸೆಂಟ್ಸ್ ಸಾಕು. ವರ್ಷ ತುಂಬಿದ ಬುಡ ಒಡೆದರೆ ಒಂದರಿಂದ ಹತ್ತಿಪ್ಪತ್ತು ಮರಿ ಸಿಗುತ್ತದೆ, ಮುಂದಿನ ಮಳೆಗೆ ನಿಮ್ಮದೇ ಬುಡ.

ಪ್ರಶ್ನೆ (ಮಣಿಪಾಲದಿಂದ): ಬಾಲ್ಕನಿಯ ಕುಂಡದಲ್ಲಿ ಚಹಾಕ್ಕೆಂದು ಮಜ್ಜಿಗೆ ಹುಲ್ಲು ಇಟ್ಟಿದ್ದೇನೆ. ಬೇಸಗೆಯಲ್ಲಿ ಒಂದೆಲೆ ಸಾಕು, ಜುಲೈಯಲ್ಲಿ ನಾಲ್ಕು ಹಾಕಿದರೂ ಪರಿಮಳವಿಲ್ಲ. ತಳಿ ಕೆಟ್ಟದಾ?

ಉತ್ತರ: ತಳಿಗೇನೂ ಆಗಿಲ್ಲ, ಮಳೆ ಅಷ್ಟೇ. ಬಿಸಿಲಿಲ್ಲ, ಎಲೆಯಲ್ಲಿ ನೀರು ತುಂಬಿರುತ್ತದೆ, ತೂಕಕ್ಕೆ ಹೋಲಿಸಿದರೆ ಎಣ್ಣೆ ಕಡಿಮೆ. ಭಟ್ಟಿಯವರೂ ಆಟಿ ತಿಂಗಳಲ್ಲಿ ಇದೇ ಗೋಳು ಹೇಳುತ್ತಾರೆ. ಎರಡು ದಿನ ಹೊಳವಾದಾಗ ಕೊಯ್ದು, ಒಂದು ರಾತ್ರಿ ನೆರಳಲ್ಲಿ ಬಾಡಲು ಬಿಡಿ. ಎಳೆ ಎಲೆ ತೆಗೆದುಕೊಳ್ಳಿ, ಬಲಿತು ತುದಿ ಒಣಗಿದ್ದರಲ್ಲಿ ಏನೂ ಇರುವುದಿಲ್ಲ. ಮತ್ತೆ, ಮುಚ್ಚಳ ತೆಗೆದಿಟ್ಟು ಕೊತಕೊತ ಕುದಿಸಬೇಡಿ. ಅಡುಗೆ ಮನೆಯೆಲ್ಲ ಘಮ ಅಂದರೆ ಲೋಟದಲ್ಲಿ ಇರಬೇಕಾದದ್ದು ಹೊರಗೆ ಹೋಯಿತು ಎಂದೇ ಅರ್ಥ. ಹಾಗೇ ಒಂದು ಮಾತು: ಚಹಾಕ್ಕೆ ಮನೆಯ ಹಿತ್ತಲಲ್ಲಿ ಇರುವುದು ಹೆಚ್ಚಾಗಿ ಬೇರೆಯೇ ಜಾತಿ, ಅದು ಹೂ ಬಿಡುವುದೇ ಅಪರೂಪ. ಕುಡಿಯಲು ಚೆನ್ನ. ಅದರ ಎಣ್ಣೆಯಲ್ಲಿ ಮಿರ್ಸೀನ್ ಎಂಬ ವಸ್ತು ಜಾಸ್ತಿ, ಇಟ್ಟಷ್ಟೂ ಅದು ಮಂದವಾಗುತ್ತದೆ, ಆಲ್ಕೋಹಾಲಿನಲ್ಲಿ ಕರಗುವುದಿಲ್ಲ. ಅದರ ಬುಡ ಒಡೆದು ಗುಡ್ಡೆ ತುಂಬಾ ನೆಟ್ಟು ಎಣ್ಣೆ ಮಾಡಲು ಹೊರಡಬೇಡಿ.

ಪ್ರಶ್ನೆ (ಮಂಗಳೂರಿನ ಎಂ.ಎಸ್ಸಿ. ವಿದ್ಯಾರ್ಥಿನಿ): ಎಣ್ಣೆಯೊಳಗೆ ಏನೇನು ಎಷ್ಟೆಷ್ಟಿರಬೇಕು ಎನ್ನುವುದನ್ನು ತಳಿ ಅಭಿವೃದ್ಧಿ ಮಾಡುವವರು ಹೇಗೆ ಬದಲಾಯಿಸುತ್ತಾರೆ? ಹೊರಗಿನ ಜೀನ್ ಏನಾದರೂ ತುಂಬುತ್ತಾರಾ? ನಮ್ಮ ತಂದೆ ಹಾಗಂತ ಹೆದರಿ ಹುಲ್ಲು ಬೇಡ ಅಂತಿದ್ದಾರೆ.

ಉತ್ತರ: ನಿಮ್ಮ ತಂದೆಯವರಿಗೆ ಮೊದಲು ಹೇಳಿ, ಮೇಲೆ ಹೆಸರಿಸಿದ ತಳಿಗಳಲ್ಲಿ ಹೊರಗಿನ ಜೀನ್ ಇಲ್ಲ. ಆರಿಸುವುದು, ಕಾಯುವುದು, ಮತ್ತೆ ಆರಿಸುವುದು, ಹೆಚ್ಚಿನ ಕೆಲಸ ಇಷ್ಟೇ.

ಈಗ ನಿಮಗೆ. ಮಜ್ಜಿಗೆ ಹುಲ್ಲು, ರೋಶಾ ಹುಲ್ಲು, ಸಿಟ್ರೊನೆಲ್ಲಾ ಮೂರೂ ಒಂದೇ ಕುಟುಂಬದ ದಾಯಾದಿಗಳು, ಸಿಂಬೊಪೋಗಾನ್ ಎಂಬ ಕುಲ. ಒಂದರಲ್ಲಿ ನಿಂಬೆ ವಾಸನೆ, ಒಂದರಲ್ಲಿ ಗುಲಾಬಿ, ಇನ್ನೊಂದರಲ್ಲಿ ಸೊಳ್ಳೆ ಓಡಿಸುವ ಎಣ್ಣೆಯ ಘಾಟು. ಆದರೆ ಒಳಗೆ ಹಿಟ್ಟು ಒಂದೇ. ನಮ್ಮ ಅಡುಗೆ ಮನೆಯಲ್ಲಿ ಅದೇ ಅಕ್ಕಿ ಹಿಟ್ಟು ನೀರಾಗಿ ಹುಯ್ದರೆ ನೀರುದೋಸೆ, ಉಂಡೆ ಕಟ್ಟಿ ಹಬೆಯಲ್ಲಿಟ್ಟರೆ ಪುಂಡಿ, ಮಣೆಯಲ್ಲಿ ಒತ್ತಿದರೆ ಸೇಮಿಗೆ, ಅಲ್ವಾ? ಇಲ್ಲಿ ಹಿಟ್ಟಿನ ಜಾಗದಲ್ಲಿ ಜೆರೇನಿಯಾಲ್ ಇಟ್ಟುಕೊಳ್ಳಿ. ರೋಶಾ ಹುಲ್ಲು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ, ಅದರ ಎಣ್ಣೆಯ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ಜೆರೇನಿಯಾಲೇ, ಅದಕ್ಕೇ ಗುಲಾಬಿ ವಾಸನೆ. ಮಜ್ಜಿಗೆ ಹುಲ್ಲಿನ ಕಿಣ್ವ ಆ ಜೆರೇನಿಯಾಲಿನಿಂದ ಹೈಡ್ರೋಜನ್ ಕಿತ್ತು ಸಿಟ್ರಾಲ್ ಮಾಡುತ್ತದೆ. ಸಿಟ್ರೊನೆಲ್ಲಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಸಿಟ್ರೊನೆಲ್ಲಾಲ್ ಮಾಡುತ್ತದೆ. ಯಾವ ಕಿಣ್ವ ಎಷ್ಟು ಚುರುಕು ಎನ್ನುವುದು ಗಿಡ ಹುಟ್ಟುವಾಗಲೇ ಬರೆದದ್ದು. ಗೊಬ್ಬರ ಜಾಸ್ತಿ ಹಾಕಿದರೆ ಹುಲ್ಲು ಜಾಸ್ತಿ ಬಂದೀತು, ಎಣ್ಣೆಯೊಳಗಿನ ಪಾಲು ಬಹುಮಟ್ಟಿಗೆ ತಳಿಯದ್ದೇ. ತಳಿಗಾರರಿಗೆ ಇದೇ ದೊಡ್ಡ ಅನುಕೂಲ, ಒಮ್ಮೆ ಸಿಕ್ಕಿದ ಒಳ್ಳೆಯ ಗಿಡ ಬುಡ ಒಡೆದಷ್ಟೂ ಕಾಲ ಅದೇ ಪಾಲು ಕೊಡುತ್ತದೆ.

ಹಾಗಾದರೆ ಒಳ್ಳೆಯ ಗಿಡ ಸಿಗುವುದು ಹೇಗೆ? ಬೇರೆ ಬೇರೆ ಊರಿನ ಹುಲ್ಲಿನ ಬೀಜ ತಂದು ಸಾವಿರಗಟ್ಟಲೆ ಸಸಿ ಎಬ್ಬಿಸುತ್ತಾರೆ. ನಾನು ಹೆಬ್ರಿಯವರಿಗೆ ಬೇಡ ಎಂದ ಅದೇ ನೂರು ಸಸಿ ನೂರು ಬಗೆ ಎನ್ನುವ ಗುಣವೇ ಇಲ್ಲಿ ಬಂಡವಾಳ. ಒಂದೊಂದು ಗಿಡದ ಎಲೆಯನ್ನೂ ತೂಗಿ ಕ್ಲೆವೆಂಜರ್ ಎಂಬ ಸಣ್ಣ ಗಾಜಿನ ಭಟ್ಟಿಯಲ್ಲಿ ಬೇಯಿಸಿ ಎಣ್ಣೆ ಎಷ್ಟು ಅಂತ ಅಳೆಯುತ್ತಾರೆ. ಆ ಹನಿ ಎಣ್ಣೆಯನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ ಕೊಟ್ಟರೆ ಒಳಗೆ ಏನೇನು ಶೇಕಡಾ ಎಷ್ಟು ಅಂತ ಬಿಡಿಸಿ ತೋರಿಸುತ್ತದೆ. ಒಂದೇ ಕೊಯ್ಲು ನಂಬುವಂತಿಲ್ಲ. ಮಳೆಗಾಲದ್ದು ಒಂದು, ಚಳಿಯದ್ದು ಒಂದು, ಬೇಸಗೆಯದ್ದು ಒಂದು, ಮತ್ತೆ ಮುಂದಿನ ವರ್ಷ. ಉಳಿದ ಹತ್ತಾರು ಗಿಡಗಳ ಬುಡ ಒಡೆದು ಬೇರೆ ಬೇರೆ ಊರಲ್ಲಿ ಹಳೆಯ ತಳಿಯ ಪಕ್ಕದಲ್ಲೇ ನೆಟ್ಟು ಹೋಲಿಸುತ್ತಾರೆ. ಹೀಗೆ ವರ್ಷಗಳು ಹೋಗುತ್ತವೆ.

ಇದರಲ್ಲಿ ಒಂದು ತಲೆನೋವು ಉಂಟು, ಪುಸ್ತಕದಲ್ಲಿ ಓದಿದರೆ ಇದರ ಬಿಸಿ ಗೊತ್ತಾಗುವುದಿಲ್ಲ. ರೈತನಿಗೆ ಬೇಕಾದದ್ದು ಒಂದಲ್ಲ, ಮೂರು: ಹುಲ್ಲು ಜಾಸ್ತಿ ಬರಬೇಕು, ಹುಲ್ಲಿನಲ್ಲಿ ಎಣ್ಣೆ ಜಾಸ್ತಿ ಇರಬೇಕು, ಎಣ್ಣೆಯಲ್ಲಿ ಸಿಟ್ರಾಲ್ ಜಾಸ್ತಿ ಇರಬೇಕು. ಮೂರೂ ಒಂದೇ ಗಿಡದಲ್ಲಿ ಸಿಗುವುದು ಅಪರೂಪ. ಬುಡ ತುಂಬಾ ಮರಿ ಒಡೆದು ಹುಲುಸಾಗಿ ಬೆಳೆಯುವುದರಲ್ಲಿ ಎಣ್ಣೆ ಕಡಿಮೆ ಇರಬಹುದು. ಎಣ್ಣೆ ಭರ್ತಿ ಇರುವುದು ಕುಳ್ಳಗೆ ಕೂತಿರಬಹುದು. ಅದಕ್ಕೇ ಎರಡನ್ನು ಬೆರೆಸಿ ನೋಡುವುದು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ಖಾಸಿಯಾನಸ್ ಮತ್ತು ಪೆಂಡ್ಯುಲಸ್ ಎಂಬ ಎರಡು ಬೇರೆ ಜಾತಿಯ ಹುಲ್ಲುಗಳನ್ನು ಕೂಡಿಸಿ ಸಿಕೆಪಿ-25 ಎಂಬ ಮಿಶ್ರತಳಿ ಮಾಡಿದರು. ಕೆ ಮತ್ತು ಪಿ ಅಂದರೆ ಯಾರು ಅಂತ ಈಗ ಗೊತ್ತಾಯಿತಲ್ಲ. ಮಿಶ್ರತಳಿ ಆದ ಮೇಲೆ ಬೀಜದ ಗೊಡವೆ ಬೇಡ, ಬುಡದಿಂದಲೇ ಹೆಚ್ಚಿಸುತ್ತಾ ಹೋಗಬಹುದು. ಹುಲ್ಲಿನ ತಳಿಗಾರರಿಗೆ ಭತ್ತದವರಿಗಿಂತ ಇದೊಂದು ಸುಖ.

ಇನ್ನೊಂದು ದಾರಿ ಜೀನ್‌ಗಳನ್ನು ಹೊತ್ತ ವರ್ಣತಂತುಗಳನ್ನು ಇಮ್ಮಡಿ ಮಾಡುವುದು. ಅದಕ್ಕೆ ಕೊಲ್ಚಿಸಿನ್ ಎಂಬ ವಿಷ ಬಳಸುತ್ತಾರೆ. ಮಳೆಗಾಲದಲ್ಲಿ ನಮ್ಮ ಬೇಲಿ ಮೇಲೆ ಬೆಂಕಿಯ ಹಾಗೆ ಅರಳುತ್ತದಲ್ಲ, ಅಗ್ನಿಶಿಖೆ ಅಥವಾ ಗೌರಿ ಹೂ, ಅದರ ಬೀಜದಲ್ಲೂ ಗೆಡ್ಡೆಯಲ್ಲೂ ಇರುವುದು ಇದೇ ವಿಷ. (ಮನೆಯಲ್ಲಿ ಪ್ರಯೋಗ ಮಾಡಲು ಹೋಗಬೇಡಿ, ಪ್ರಾಣಕ್ಕೇ ಅಪಾಯ.) ಇಮ್ಮಡಿಯಾದ ಗಿಡದ ಎಲೆ ಅಗಲ, ದಪ್ಪ, ಕೆಲವೊಮ್ಮೆ ಎಣ್ಣೆಯೂ ಜಾಸ್ತಿ. ಕೆಲವೊಮ್ಮೆ ಮಾತ್ರ.

ಸಿಟ್ರೊನೆಲ್ಲಾ ಮಾತ್ರ ಹಟಮಾರಿ. ಜಾವಾ ಸಿಟ್ರೊನೆಲ್ಲಾ ನಮ್ಮಲ್ಲಿ ಗಟ್ಟಿ ಬೀಜ ಕಟ್ಟುವುದೇ ಅಪರೂಪ, ಅಂದ ಮೇಲೆ ಬೆರೆಸುವುದು ಹೇಗೆ? ಗಾಮಾ ಕಿರಣ ಹಾಯಿಸಿ ಏನಾದರೂ ಬದಲಾಗುತ್ತದೋ ನೋಡಿದರು. ಅಂಗಾಂಶ ಕೃಷಿಯಲ್ಲಿ ಬೆಳೆಸಿದ ಸಸಿಗಳ ನಡುವೆ ತಾನಾಗಿಯೇ ಬೇರೆಯಾಗಿ ಬಂದದ್ದನ್ನು ಹುಡುಕಿದರು. ಸಿಮ್ಯಾಪ್‌ನ ಬಯೋ-13 ತಳಿ ಹೀಗೆ ಅಂಗಾಂಶ ಕೃಷಿಯ ಬಾಟಲಿಯಿಂದ ಎದ್ದು ಬಂದದ್ದು. ಬಾಳೆಯ ಅಂಗಾಂಶ ಕೃಷಿಯಲ್ಲಿ ಒಂದು ಸಸಿ ಬೇರೆ ಥರ ಬಂದರೆ ನಾವು ನರ್ಸರಿಯವರಿಗೆ ಬೈತೇವೆ, ಇಲ್ಲಿ ಅದನ್ನೇ ಆರಿಸಿ ಹೆಸರಿಟ್ಟರು.

ರೋಶಾ ಹುಲ್ಲಿನ ಬಗ್ಗೆ ಒಂದೇ ಮಾತು, ಅದರಲ್ಲಿ ಮೋತಿಯಾ, ಸೋಫಿಯಾ ಅಂತ ಎರಡು ಬಗೆ. ಗುಲಾಬಿಯ ವಾಸನೆ ಮೋತಿಯಾದ್ದು. ಸೋಫಿಯಾದ ಎಣ್ಣೆ ಬೇರೆಯೇ, ಬೆಲೆಯೂ ಕಡಿಮೆ. ಬೀಜದಿಂದ ಬೆಳೆಸುವ ಹುಲ್ಲಾದ್ದರಿಂದ ಬೀಜದ ಚೀಲದಲ್ಲಿ ಎರಡೂ ಬೆರೆತರೆ ಕತೆ ಮುಗಿಯಿತು. ಮಟ್ಟು ಗುಳ್ಳ ಎಂಬ ಬದನೆ ಬೆಳೆಯುವವರು ಬೇರೆ ಬದನೆಯನ್ನು ಹತ್ತಿರ ಬಿಡಲು ಯಾಕೆ ಹಿಂದೆಮುಂದೆ ನೋಡುತ್ತಾರೆ ಅಂತ ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ.

ಪ್ರಶ್ನೆ (ಬೆಳ್ತಂಗಡಿಯಿಂದ): ಸಿಟ್ರೊನೆಲ್ಲಾ ಮನೆ ಸುತ್ತ ನೆಟ್ಟರೆ ಸೊಳ್ಳೆ ಬರುವುದಿಲ್ಲವಂತೆ, ಹೌದಾ?

ಉತ್ತರ: ಇಲ್ಲ. ಎಣ್ಣೆ ಎಲೆಯ ಒಳಗೆ ಇರುತ್ತದೆ, ತಿಕ್ಕದೆ ಹೊರಗೆ ಬರುವುದಿಲ್ಲ. ಎಣ್ಣೆ ಹಚ್ಚಿಕೊಂಡರೂ ಬೇಗ ಆರಿ ಹೋಗುತ್ತದೆ. ಅಡಿಕೆ ಹಾಳೆಯಲ್ಲಿ, ತೆಂಗಿನ ಚಿಪ್ಪಿನಲ್ಲಿ ನಿಂತ ನೀರು ಚೆಲ್ಲಿ, ಅದು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ (ಕಾಪುವಿನಿಂದ): ನಮ್ಮದು ಕಡಲ ಹತ್ತಿರದ ಹೊಯಿಗೆ ಜಾಗ. ತೆಂಗು ಬಿಟ್ಟರೆ ಬೇರೇನಿಲ್ಲ. ಲಾವಂಚ ಹಾಕಬಹುದಾ? ಅದರಲ್ಲೂ ತಳಿ ಅಂತ ಉಂಟಾ?

ಉತ್ತರ: ಹಾಕಬಹುದು. ಕೇರಳದ ಚಾವಕ್ಕಾಡು ಕಡೆ ಕಡಲ ಹೊಯಿಗೆಯಲ್ಲೇ ಬೆಳೆಯುತ್ತಾರೆ, ಹೊಯಿಗೆಯಲ್ಲಿ ಬೇರು ನೇರ ಇಳಿಯುತ್ತದೆ, ಕೀಳುವಾಗ ತುಂಡಾಗುವುದು ಕಡಿಮೆ. ನಮ್ಮ ಮುರಕಲ್ಲಿನಲ್ಲಿ ಬೆಳೆದು ಬೇರು ತೆಗೆದು ನೋಡಿ, ಸೊಂಟ ಹೇಳುತ್ತದೆ.

ತಳಿ ಖಂಡಿತ ಉಂಟು. ಲಾವಂಚದಲ್ಲಿ ಎರಡು ದೊಡ್ಡ ಬಣ. ಉತ್ತರ ಭಾರತದ್ದು ಹೂ ಬಿಟ್ಟು ಬೀಜ ಕಟ್ಟುತ್ತದೆ, ಅದರ ಎಣ್ಣೆಯ ಸುವಾಸನೆಗೆ ಅತ್ತರಿನವರು ಜೀವ ಬಿಡುತ್ತಾರೆ. ನಮ್ಮ ದಕ್ಷಿಣದ್ದು ಬೀಜ ಕಟ್ಟುವುದಿಲ್ಲ, ಬುಡದಿಂದಲೇ ಬೆಳೆಸಬೇಕು. ಎರಡರ ಎಣ್ಣೆಯ ಒಳಗಿನ ವಸ್ತುಗಳೂ ಬೇರೆ. ಎಷ್ಟು ಬೇರೆ ಅಂದರೆ, ಎಣ್ಣೆಯಲ್ಲಿ ಹಾಯಿಸಿದ ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಒಂದು ಎಡಕ್ಕೆ ತಿರುಗಿಸಿದರೆ ಇನ್ನೊಂದು ಬಲಕ್ಕೆ. ಸಿಮ್ಯಾಪ್ ಧಾರಿಣಿ, ಕೇಸರಿ, ಗುಲಾಬಿ, ಕೆಎಸ್-1 ಅಂತೆಲ್ಲ ತಳಿ ಬಿಟ್ಟಿದೆ. ಕೇಸರಿ, ಗುಲಾಬಿ ಎನ್ನುವುದು ಸುಮ್ನೆ ಇಟ್ಟ ಹೆಸರಲ್ಲ, ವಾಸನೆಯ ಎಳೆ ಆ ಕಡೆಗೆ ಇದೆ ಅಂತ.

ಆದರೆ ಎರಡು ಎಚ್ಚರಿಕೆ. ಬೇರು ಕೀಳಲು ಒಂದೂವರೆ ವರ್ಷದ ಹತ್ತಿರ ಕಾಯಬೇಕು, ಮಜ್ಜಿಗೆ ಹುಲ್ಲಿನ ಹಾಗೆ ಮೂರು ತಿಂಗಳಿಗೆ ಕೊಯ್ಯುವ ಬೆಳೆಯಲ್ಲ. ಎಣ್ಣೆ ಭಾರದ್ದು, ಮಜ್ಜಿಗೆ ಹುಲ್ಲಿನ ಭಟ್ಟಿ ಎರಡು ಮೂರು ಗಂಟೆಗೆ ಮುಗಿದರೆ ಇದು ಹಗಲು ರಾತ್ರಿ ಕಾಯಬೇಕು. ಎರಡನೆಯದು, ನಿಮ್ಮ ಜಾಗ ಕಡಲ್ಕೊರೆತ ಇರುವ ಅಂಚಿನದ್ದಾದರೆ ಅಲ್ಲಿ ಎಣ್ಣೆಗೆಂದು ಬೆಳೆಯಬೇಡಿ. ಲಾವಂಚದ ಬೇರು ಮಣ್ಣು ಹಿಡಿಯುತ್ತದೆ ಅಂತ ಎಲ್ಲರೂ ಹೊಗಳುತ್ತಾರೆ, ಸರಿ, ಆದರೆ ಎಣ್ಣೆ ಬೇಕಾದರೆ ಅದೇ ಬೇರು ಅಗೆಯಬೇಕಲ್ಲ. ಅಂಚಿನಲ್ಲಿ ನೆಟ್ಟದ್ದನ್ನು ಅಲ್ಲೇ ಬಿಡಿ, ಒಳಗಿನ ಹೊಯಿಗೆಯಲ್ಲಿ ಎಣ್ಣೆಯದ್ದು ಬೆಳೆಯಿರಿ.

ಪ್ರಶ್ನೆ (ಕಾರ್ಕಳದಿಂದ): ನನ್ನ ಅರ್ಧ ಎಕರೆ ಮಜ್ಜಿಗೆ ಹುಲ್ಲಿನಲ್ಲಿ ಒಂದು ಬುಡ ಮಾತ್ರ ಬೇರೆ ಥರ. ಎಲೆ ಅಗಲ, ವಾಸನೆ ಜೋರು, ನಿಂಬೆಯ ಜೊತೆ ಸ್ವಲ್ಪ ಗುಲಾಬಿಯೂ ಬಂದ ಹಾಗೆ. ಇದನ್ನು ಹೊಸ ತಳಿ ಅನ್ನಬಹುದಾ?

ಉತ್ತರ: ಈ ಪತ್ರ ಓದಿ ನನಗೆ ಖುಷಿಯಾಯಿತು. ಹೊಸ ತಳಿ ಅನ್ನಲು ಆಗದು, ಆದರೆ ದೊಡ್ಡ ದೊಡ್ಡ ತಳಿಗಳೂ ಹೀಗೆಯೇ ಯಾರದೋ ಕಣ್ಣಿಗೆ ಬಿದ್ದ ಒಂದು ಬುಡದಿಂದಲೇ ಶುರುವಾಗುವುದು.

ಮೂಗನ್ನು ಪೂರ್ತಿ ನಂಬಬೇಡಿ. ಗುಲಾಬಿ ಎಳೆ ಬಂದರೆ ಜೆರೇನಿಯಾಲ್ ಹೆಚ್ಚಿರಬಹುದು, ಅಂದರೆ ಸಿಟ್ರಾಲ್ ಕಡಿಮೆ ಇರಬಹುದು, ಸಿಟ್ರಾಲ್ ಕೊಳ್ಳುವವರಿಗೆ ಅದು ಲಾಭವಲ್ಲ. ಅಥವಾ ಅಗಲ ಎಲೆ, ಜೋರು ವಾಸನೆ ಎಲ್ಲ ಆ ಬುಡ ಗೊಬ್ಬರದ ಗುಂಡಿಯ ಪಕ್ಕದಲ್ಲಿ ಇರುವುದರಿಂದಲೂ ಬಂದಿರಬಹುದು. ಆ ಜಾಗ ಒಮ್ಮೆ ನೋಡಿ ಬನ್ನಿ.

ಆಮೇಲೆ ಹೀಗೆ ಮಾಡಿ. ಮೊದಲ ಮಳೆ ಬಿದ್ದ ಮೇಲೆ ಆ ಬುಡ ಒಡೆದು ಸಿಕ್ಕಷ್ಟು ಮರಿಗಳನ್ನು ಬೇರೆ ಕಡೆ ಒಂದು ಸಾಲು ನೆಡಿ, ಅದರ ಪಕ್ಕದಲ್ಲೇ ನಿಮ್ಮ ಮಾಮೂಲಿ ಹುಲ್ಲಿನದ್ದು ಅಷ್ಟೇ ಮರಿಗಳ ಇನ್ನೊಂದು ಸಾಲು. ಅದೇ ಮಣ್ಣು, ಅದೇ ಗೊಬ್ಬರ, ಕೊಯ್ಯುವುದೂ ಒಂದೇ ದಿನ. ಎರಡನ್ನೂ ಬೇರೆ ಬೇರೆ ತೂಗಿ ಬೇರೆ ಬೇರೆ ಬೇಯಿಸಿ. ನಿಮ್ಮ ದೊಡ್ಡ ಭಟ್ಟಿಯಲ್ಲಿ ಅಷ್ಟು ಕಡಿಮೆ ಹುಲ್ಲಿನ ಲೆಕ್ಕ ಸಿಗುವುದಿಲ್ಲ, ಸಣ್ಣ ಗಾಜಿನ ಭಟ್ಟಿ ಇರುವ ಕಾಲೇಜಿನ ರಸಾಯನಶಾಸ್ತ್ರ ವಿಭಾಗದವರನ್ನು ಕೇಳಿ. ಮೇಲೆ ಪತ್ರ ಬರೆದ ವಿದ್ಯಾರ್ಥಿನಿಯಂಥವರಿಗೆ ಒಂದು ಪ್ರಾಜೆಕ್ಟ್ ಆದೀತು. ಮೂರು ಕೊಯ್ಲಿನಲ್ಲೂ ಆ ಸಾಲು ಬೇರೆಯಾಗಿಯೇ ನಿಂತರೆ ಎಣ್ಣೆಯನ್ನು ಕಪ್ಪು ಬಾಟಲಿಯಲ್ಲಿ ಕತ್ತಿನವರೆಗೆ ತುಂಬಿಸಿ (ಗಾಳಿ, ಬೆಳಕು ತಾಗಿದರೆ ಸಿಟ್ರಾಲ್ ಹಾಳಾಗುತ್ತದೆ) ಲ್ಯಾಬಿಗೆ ಕಳಿಸಿ. ರಿಪೋರ್ಟ್ ಹಿಡಿದುಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ಇಲ್ಲವೇ ಬೆಂಗಳೂರಿನಲ್ಲಿರುವ ಸಿಮ್ಯಾಪ್ ಕೇಂದ್ರಕ್ಕೆ ಬರೆಯಿರಿ.

ಅಲ್ಲಿಯವರೆಗೆ ಆ ಬುಡಕ್ಕೆ ಒಂದು ಗೂಟ ಹುಗಿದು ಕೆಂಪು ಬಟ್ಟೆ ಕಟ್ಟಿ. ಕೂಲಿಯವರು ಎಲ್ಲದರ ಜೊತೆ ಅದನ್ನೂ ಕೊಯ್ದು ಭಟ್ಟಿಗೆ ಹಾಕಿದರೆ ಎಲೆಯ ಲೆಕ್ಕ ತಪ್ಪಿತು, ಕಳೆ ತೆಗೆಯುವಾಗ ಬೇರು ಸಮೇತ ಕಿತ್ತರೆ ಬುಡವೇ ಹೋಯಿತು. ಮುಂದಿನ ಮಳೆಗೆ ಒಡೆಯುವಾಗ ನಾಲ್ಕು ಮರಿ ನನಗೂ ಇಡಿ, ಬಂದು ತೆಗೆದುಕೊಂಡು ಹೋಗುತ್ತೇನೆ. ಈ ಸಲ ಬುಡ ತೊಳೆದು ನೋಡಿಯೇ.